ಹಿತ್ತಲಲ್ಲಿ ಬೆಳೆದದ್ದು ತಟ್ಟೆಗೆ ಬಂತಾ?

ಹೋದ ಸಂಚಿಕೆಯಲ್ಲಿ ಕೈತೋಟದ ಬಗ್ಗೆ ಸುಮ್ನೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರ ಮತ್ತು ವಾಟ್ಸಾಪ್ ಸಂದೇಶ ನೋಡಿದರೆ ಈ ಸಲ ಬೇರೆ ವಿಷಯವೇ ಬೇಡ ಅನ್ನಿಸಿತು. ಯಾವ ಹುಳಕ್ಕೆ ಯಾವ ಔಷಧಿ ಎಂದು ಕೇಳಿದವರಿಗೆ ಮುಂದಿನ ಸಲ ಉತ್ತರಿಸುತ್ತೇನೆ. ಈ ಸಲ ಬೆಳೆಯೋದಕ್ಕಿಂತ ತಿನ್ನೋದರ ಮಾತೇ ಜಾಸ್ತಿ.

ಅಕ್ಕ, ಸಂಘದ ಕಡೆಯಿಂದ ಹೋದ ವರ್ಷ ತರಕಾರಿ ಬೀಜ ಕೊಟ್ಟರು. ಮನೆ ಹಿಂದೆ ಒಂದು ಗುಂಟೆಯಲ್ಲಿ ಪಾಲಕ್, ದಂಟು, ಮೆಂತ್ಯ, ಬೆಂಡೆ ಹಾಕಿದೆ. ಚೆನ್ನಾಗಿ ಬಂತು. ನಮ್ಮ ಮನೆಯವರು ವಾರವಾರ ಸಂತೆಗೆ ಒಯ್ಯುತ್ತಾರೆ. ಆದರೆ 13 ವರ್ಷದ ಮಗಳಿಗೆ ರಕ್ತ ಕಮ್ಮಿ ಅಂತ ಶಾಲೆಗೆ ಬಂದ ಡಾಕ್ಟರು ಹೇಳಿದರು, 9 ಇದೆಯಂತೆ. ಇಷ್ಟು ಸೊಪ್ಪು ಬೆಳೆದರೂ ಹೀಗ್ಯಾಕೆ?
(ಗುಬ್ಬಿ ತಾಲೂಕಿನಿಂದ ಒಬ್ಬ ತಾಯಿ)

ಮೊದಲು ಮಗಳ ವಿಷಯ. ಆ ವಯಸ್ಸಿಗೆ ಹಿಮೋಗ್ಲೋಬಿನ್ 12 ಇರಬೇಕು. 9 ಅಂದರೆ ಸೊಪ್ಪು ತಿಂದು ಸರಿ ಮಾಡೋಣ ಎಂದು ಕಾಯುವ ಮಟ್ಟ ಅಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ, ಡಾಕ್ಟರು ಕೊಟ್ಟಷ್ಟು ದಿನ ಕಬ್ಬಿಣದ ಮಾತ್ರೆ ನುಂಗಿಸಿ. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಮಾತ್ರೆಯನ್ನು ನಿಜವಾಗಿ ನುಂಗುತ್ತಾಳಾ, ಕಂಪಾಸ್ ಬಾಕ್ಸಿನಲ್ಲಿ ಇಟ್ಟುಕೊಂಡು ಬರುತ್ತಾಳಾ ಅನ್ನೋದನ್ನೂ ಮೆಲ್ಲಗೆ ಕೇಳಿ. ಜಂತುಹುಳದ ಮಾತ್ರೆ, ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುತ್ತದಾ ಅನ್ನೋದು, ಇವೆರಡನ್ನೂ ಡಾಕ್ಟರ ಹತ್ತಿರ ಮಾತಾಡಿ. ಗಾಬರಿ ಬೇಡ, ನೀವೊಬ್ಬರೇ ಅಲ್ಲ. 2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು 48 ಪರ್ಸೆಂಟ್ ಜನರಿಗೆ ರಕ್ತಹೀನತೆ ಕಂಡಿತ್ತು. 5 ವರ್ಷದೊಳಗಿನ ಮಕ್ಕಳಲ್ಲಿ ಇನ್ನೂ ಜಾಸ್ತಿ, 65 ದಾಟಿತ್ತು.

ಇನ್ನು ತೋಟದ ವಿಷಯ. ನಿಮ್ಮ ಪತ್ರದಲ್ಲೇ ಅರ್ಧ ಉತ್ತರ ಇದೆ. "ವಾರವಾರ ಸಂತೆಗೆ ಒಯ್ಯುತ್ತಾರೆ." ಮನೆಗೆ ಎಷ್ಟು ಉಳಿಯುತ್ತೆ ಅಂತ ನೀವು ಬರೆದಿಲ್ಲ.

ನಾನು ಹಳ್ಳಿ ಸುತ್ತುತ್ತಿದ್ದ ಕಾಲದಲ್ಲಿ ಒಂದು ಮನೆಗೆ ಹೋಗಿದ್ದೆ. ಹಿತ್ತಲಲ್ಲಿ ಪಾಲಕ್ ಜಮಖಾನ ಹಾಸಿದ ಹಾಗೆ ಬಂದಿತ್ತು. ಮಧ್ಯಾಹ್ನ ಊಟಕ್ಕೆ ಕೂರಿಸಿದರು. ಅನ್ನ, ಟೊಮೆಟೊ ಸಾರು, ಹಪ್ಪಳ. "ಸೊಪ್ಪು?" ಅಂದೆ. "ಅಯ್ಯೋ ಅದು ನಾಳೆ ಸಂತೆಗೆ ಮೇಡಂ" ಅಂದರು ಆ ಮನೆಯಾಕೆ. ಬಾಗಿಲ ಪಕ್ಕ ಬಾಳೆ ನಾರಿನಲ್ಲಿ ಕಟ್ಟಿದ ಕಟ್ಟುಗಳು ಒದ್ದೆ ಗೋಣಿಚೀಲದ ಮೇಲೆ ಸಾಲಾಗಿ ಕೂತಿದ್ದವು. ಮನೆಗೆ ಉಳಿದದ್ದು ಹಳದಿಗೆ ತಿರುಗಿದ ಎಲೆ, ಅದು ಹೋದದ್ದು ಹಸುವಿಗೆ. ಲೆಕ್ಕದಲ್ಲಿ ಮಾತ್ರ ಅದು ಯಶಸ್ವಿ ಕೈತೋಟ, ಫೋಟೊ ಕೂಡ ತೆಗೆದುಕೊಂಡು ಹೋಗಿದ್ದರು.

ಮಾರೋದು ತಪ್ಪು ಅಂತ ನಾನು ಹೇಳಲ್ಲ. ಆ ದುಡ್ಡಲ್ಲಿ ಬೇಳೆ, ಮೊಟ್ಟೆ, ಹಾಲು ಬಂದರೆ ಸೊಪ್ಪಿಗಿಂತ ಒಳ್ಳೆಯದೇ. ಆದರೆ ಆ ದುಡ್ಡು ಯಾರ ಜೇಬಿಗೆ ಹೋಗುತ್ತೆ, ಸಂತೆಯಿಂದ ವಾಪಸ್ ಬರುವ ಚೀಲದಲ್ಲಿ ಏನಿರುತ್ತೆ, ಅದನ್ನು ಒಂದು ತಿಂಗಳು ನೋಡಿ. ಮಿಕ್ಸ್ಚರ್ ಪೊಟ್ಟಣ, ಬಿಸ್ಕತ್ತು ಜಾಸ್ತಿ ಇದ್ದರೆ ನೀವು ಪಾಲಕ್ ಕೊಟ್ಟು ಮೈದಾ ತಂದ ಹಾಗಾಯಿತು.

ಇನ್ನೊಂದು ಮಾತು, ಬೇಜಾರು ಮಾಡಿಕೊಳ್ಳಬೇಡಿ. ಬಸ್ಸಾರು ಮಾಡಿದ ದಿನ ಪಲ್ಯ ಯಾರ ತಟ್ಟೆಗೆ ಹೋಗುತ್ತೆ? ಗಂಡಸರಿಗೆ ಮುದ್ದೆ, ಸಾರು, ಪಕ್ಕದಲ್ಲಿ ಹಿಡಿ ಪಲ್ಯ. ಆಮೇಲೆ ಗಂಡುಮಕ್ಕಳಿಗೆ. ಕೊನೆಗೆ ಹೆಂಗಸರು ಕೂರುವಾಗ ಪಲ್ಯದ ಬಾಣಲೆ ತಳ ಕಾಣುತ್ತಿರುತ್ತೆ, ಬಸಿದ ಸಾರಲ್ಲೇ ಮುದ್ದೆ ನುಂಗಿ ಏಳುತ್ತಾರೆ. ಎಷ್ಟೋ ಮನೆಯಲ್ಲಿ ಇದನ್ನು ಯಾರೂ ಬೇಕೆಂದು ಮಾಡಲ್ಲ, ಅದು ಹಾಗೇ ನಡೆದು ಬಂದಿರುತ್ತೆ. ಮಗಳನ್ನು ಮೊದಲ ಪಂಕ್ತಿಗೇ ಕೂರಿಸಿ. ನೀವೂ ಕೂತರೆ ಇನ್ನೂ ಒಳ್ಳೆಯದು.

ಸೊಪ್ಪಿನಲ್ಲಿ ಕಬ್ಬಿಣ ಇರೋದು ನಿಜ, ಆದರೆ ಅದನ್ನು ನಮ್ಮ ಮೈ ಸುಲಭಕ್ಕೆ ಹೀರಿಕೊಳ್ಳಲ್ಲ. ಜೊತೆಗೆ ಹುಳಿ ಬೇಕು. ಒಲೆ ಆರಿಸಿದ ಮೇಲೆ ಪಲ್ಯಕ್ಕೆ ಅರ್ಧ ನಿಂಬೆಹಣ್ಣು ಹಿಂಡಿ, ಕುದಿಯುವಾಗ ಹಿಂಡಿದರೆ ಅದರ ವಿಟಮಿನ್ ಸಿ ಹಾಳಾಗುತ್ತೆ. ಸೀಬೆಹಣ್ಣು, ನೆಲ್ಲಿಕಾಯಿ ಸಿಗುವ ಕಾಲದಲ್ಲಿ ಊಟದ ಜೊತೆಗೇ ಕೊಡಿ. ಊಟವಾದ ತಕ್ಷಣ ಟೀ ಮಾತ್ರ ಬೇಡ, ಅದು ಕಬ್ಬಿಣಕ್ಕೆ ಅಡ್ಡಗಾಲು. ಒಂದು ಗಂಟೆ ಬಿಟ್ಟು ಕುಡಿಯಲಿ.

ಇದು ನಮ್ಮೂರ ಕತೆ ಮಾತ್ರ ಅಲ್ಲ. 2012ರಲ್ಲಿ ಒಂದು ತಂಡ ಬೇರೆ ಬೇರೆ ದೇಶಗಳ 23 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಕೈತೋಟ, ಕೋಳಿ, ಹಸು, ಮೀನು ಕೊಟ್ಟ ಕಡೆ ಜನ ಆ ಪದಾರ್ಥವನ್ನು ಬೆಳೆದಿದ್ದಾರೆ, ಅದನ್ನು ತಿಂದದ್ದೂ ಜಾಸ್ತಿಯಾಗಿದೆ. ಆದರೆ ಮಕ್ಕಳ ತೂಕ, ಎತ್ತರ ಬದಲಾಯಿತು ಅನ್ನೋದಕ್ಕೆ ಗಟ್ಟಿ ಪುರಾವೆ ಬಹಳ ಕಮ್ಮಿ ಸಿಕ್ಕಿತು. ಅದೇ ಹೊತ್ತಿಗೆ, 2010ರಿಂದ 2012ರವರೆಗೆ, ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ಹಳ್ಳಿಗಳಲ್ಲಿ ತಾಯಂದಿರಿಗೆ ತರಕಾರಿ ತೋಟ, ಕೋಳಿ ಎರಡನ್ನೂ ಕೊಟ್ಟು, ಜೊತೆಗೆ ಮಗುವಿಗೆ ಏನು, ಯಾವಾಗ, ಎಷ್ಟು ತಿನ್ನಿಸಬೇಕು ಅಂತ ಊರಿನವರೇ ಮನೆಮನೆಗೆ ಹೋಗಿ ಹೇಳಿಕೊಟ್ಟರು. ಅಲ್ಲಿ ಊರಿನ ಆರೋಗ್ಯ ಸಮಿತಿಯವರು ಹೇಳಿಕೊಟ್ಟ ಹಳ್ಳಿಗಳಲ್ಲಿ ತೀರಾ ಸಣ್ಣ ಮಕ್ಕಳ ರಕ್ತಹೀನತೆ ಕಣ್ಣಿಗೆ ಕಾಣುವಷ್ಟು ಇಳಿಯಿತು. ಎತ್ತರ ಮಾತ್ರ ಅಲ್ಲೂ ಬದಲಾಗಲಿಲ್ಲ. ಅಂದರೆ ಬೀಜದ ಪೊಟ್ಟಣ ಅರ್ಧ ಕೆಲಸ, ಮಿಕ್ಕ ಅರ್ಧ ಅಡುಗೆಮನೆಯಲ್ಲಿ.

ಮನೆಯವರ ಹತ್ತಿರ ಜಗಳ ಆಡಬೇಡಿ. "ಬೆಳಿಗ್ಗೆ ಕೊಯ್ದದ್ದರಲ್ಲಿ ಮೊದಲ ಎರಡು ಕಟ್ಟು ಮನೆಗೆ, ಮಿಕ್ಕಿದ್ದು ಸಂತೆಗೆ" ಅಂತ ಮಾತಾಡಿಕೊಳ್ಳಿ. ಕೊನೆಯ ಎರಡು ಅಲ್ಲ, ಮೊದಲ ಎರಡು. ಒಂದು ನಿಂಬೆ ಗಿಡವನ್ನೂ ನೆಡಿ.

ಮೇಡಂ, ನಮ್ಮದು ನಾಲ್ಕು ಎಕರೆ, ಪೂರ್ತಿ ಗೋವಿನಜೋಳ. ದುಡ್ಡಿದ್ದರೆ ಸಂತೆಯಲ್ಲಿ ಎಲ್ಲಾ ಸಿಗುತ್ತೆ. ತಿನ್ನೋದಕ್ಕೆ ಬೇರೆ, ಮಾರೋದಕ್ಕೆ ಬೇರೆ ಅಂತ ಬೆಳೆಯೋ ಕಾಲ ಹೋಯ್ತು ಅಲ್ವಾ?
(ಹಾವೇರಿ ಜಿಲ್ಲೆಯ ರೈತರು)

ಅರ್ಧ ಒಪ್ಪುತ್ತೇನೆ. ಕೈಯಲ್ಲಿ ದುಡ್ಡಿಲ್ಲದೆ ಪೌಷ್ಟಿಕ ಆಹಾರದ ಭಾಷಣ ಕೇಳಿ ಯಾರ ಹೊಟ್ಟೆ ತುಂಬಿದೆ ಹೇಳಿ. ಆದರೆ ನಿಮ್ಮ ದುಡ್ಡು ವರ್ಷಕ್ಕೆ ಒಂದು ಸಲ, ಜೋಳ ಒಕ್ಕಿದ ಮೇಲೆ ಬರುತ್ತೆ. ಬಂದ ವಾರವೇ ಗೊಬ್ಬರದಂಗಡಿ ಬಾಕಿ, ಕೈಸಾಲ, ಮಕ್ಕಳ ಫೀಸು ಅಂತ ಕರಗುತ್ತೆ. ಊಟ ಮಾತ್ರ ದಿನಾ ಬೇಕು. ಜುಲೈ, ಆಗಸ್ಟ್ ತಿಂಗಳಲ್ಲಿ ನಿಮ್ಮ ಮನೆಯ ಬುತ್ತಿಯಲ್ಲಿ ಪಲ್ಯ ಏನಿತ್ತು ಅಂತ ಮನೆಯಲ್ಲಿ ಒಮ್ಮೆ ಕೇಳಿ.

ಹಿಂದಿನವರು ಅಕ್ಕಡಿ ಸಾಲು ಬಿಡುತ್ತಿದ್ದರು. ರಾಗಿ, ಜೋಳದ ನಡುವೆ ತೊಗರಿ, ಅವರೆ, ಅಲಸಂದೆ, ಹುಚ್ಚೆಳ್ಳು. ಒಂದೇ ಹೊಲದಲ್ಲಿ ಹಿಟ್ಟು, ಬೇಳೆ, ಎಣ್ಣೆ ಮೂರೂ ಸಿಗುತ್ತಿತ್ತು. ಅದನ್ನು ಅವರು ಪೌಷ್ಟಿಕತೆ ಅಂತ ಕರೆಯಲಿಲ್ಲ, ಮಳೆ ಕೈಕೊಟ್ಟರೆ ಒಂದಾದರೂ ಉಳಿಯಲಿ ಅಂತ ಮಾಡಿದರು. ಕಳೆನಾಶಕ ಹೊಡೆಯಲು ಶುರು ಮಾಡಿದ ಮೇಲೆ ಅಕ್ಕಡಿ ಇಡೋದು ಕಷ್ಟವಾಯಿತು. ಜೋಳಕ್ಕೆ ಹೊಡೆಯುವ ಔಷಧಿ ಬೇಳೆಕಾಳಿನ ಗಿಡವನ್ನೂ ಸುಡುತ್ತೆ. ಹೊಲದ ಬದುವಿನ ಬೆರಕೆ ಸೊಪ್ಪೂ ಅದರ ಜೊತೆ ಹೋಯಿತು.

ನಾಲ್ಕು ಎಕರೆಯನ್ನೂ ಬದಲಾಯಿಸಿ ಅಂತ ಖಂಡಿತ ಹೇಳಲ್ಲ. ಒಂದು ಪಕ್ಕ, ಔಷಧಿ ತಾಗದ ಕಡೆ, ಐದು ಗುಂಟೆ ಬಿಡಿ. 160 ಗುಂಟೆಯಲ್ಲಿ ಐದು. ಅಲ್ಲಿ ತೊಗರಿ, ಅಲಸಂದೆ, ನಾಲ್ಕು ಸಾಲು ಹೆಸರು, ಬದುವಿಗೆ ಪುಂಡಿ. ಯಾವ ಬೇಳೆ ಹಾಕಬೇಕು ಅಂತ ಅಡುಗೆ ಮಾಡುವವರನ್ನು ಕೇಳಿ ಹಾಕಿ.

ರಾಗಿ ಬೆಳೆಯುತ್ತೇವೆ, ಪೂರ್ತಿ ಖರೀದಿ ಕೇಂದ್ರಕ್ಕೆ ಕೊಡುತ್ತೇವೆ, ರೇಷನ್ ಅಕ್ಕಿ ತಿನ್ನುತ್ತೇವೆ. ಮಗುವಿಗೆ ಏಳು ತಿಂಗಳು. ಅಂಗಡಿ ಪುಡಿ ಒಳ್ಳೆಯದಾ, ರಾಗಿ ಸರಿ ಒಳ್ಳೆಯದಾ?
(ಅರಸೀಕೆರೆ ಕಡೆಯಿಂದ)

ಮನೆ ತುಂಬ ರಾಗಿ ಇಟ್ಟುಕೊಂಡು ಡಬ್ಬದ ಪುಡಿ ಯಾಕೆ ತಾಯಿ? 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10ರ ಆಸುಪಾಸು. ರಾಗಿ ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಘಂ ಅನ್ನುವ ಹಾಗೆ ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಮೊಳಕೆ ಬಂದಾಗ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವ ಅಂಶ ಕಮ್ಮಿಯಾಗುತ್ತೆ, ಗಂಜಿ ಗಟ್ಟಿ ಮಾಡಿದರೂ ಮಗು ನುಂಗುತ್ತೆ. ನೀರು ನೀರಾಗಿ ಕುಡಿಸಬೇಡಿ, ಚಮಚ ಓರೆ ಮಾಡಿದರೆ ತಕ್ಷಣ ಜಾರಬಾರದು. ಮೇಲೆ ಒಂದು ಹನಿ ತುಪ್ಪ. ಆದರೆ ಬರೀ ರಾಗಿ ಸರಿಯೇ ಮೂರು ಹೊತ್ತೂ ಬೇಡ. ಬೇಯಿಸಿದ ಬೇಳೆ, ಕುಂಬಳ, ಪರಂಗಿ ಹಣ್ಣು, ಮೊಟ್ಟೆ ತಿನ್ನುವ ಮನೆಯಾದರೆ ಮೊಟ್ಟೆ, ಒಂದೊಂದಾಗಿ ಶುರು ಮಾಡಿ. ಎದೆಹಾಲು ಬಿಡಿಸಬೇಡಿ.

ಮಾರುವ ವಿಷಯಕ್ಕೆ ಒಂದು ಲೆಕ್ಕ. ಒಂದು ಮುದ್ದೆಗೆ ಸುಮಾರು 100 ಗ್ರಾಂ ಹಿಟ್ಟು. ಐದು ಜನ ದಿನಕ್ಕೊಂದು ಮುದ್ದೆ ಅಂದರೆ ವರ್ಷಕ್ಕೆ ಎರಡು ಕ್ವಿಂಟಲ್ ಒಳಗೇ ಮುಗಿಯುತ್ತೆ. 2024-25ರ ಬೆಂಬಲ ಬೆಲೆ ಕ್ವಿಂಟಲ್‌ಗೆ 4,290 ರೂಪಾಯಿ ಇತ್ತು, ಅಂದರೆ ನೀವು ಉಳಿಸಿಕೊಳ್ಳುವುದು ಹೆಚ್ಚೆಂದರೆ 8,600 ರೂಪಾಯಿಯ ರಾಗಿ. ಮಿಕ್ಕಿದ್ದು ಧಾರಾಳವಾಗಿ ಮಾರಿ. ರಾಗಿಗೆ ಅಕ್ಕಿಯ ಹಾಗೆ ಬೇಗ ಹುಳ ಬೀಳಲ್ಲ. ನಮ್ಮ ತಾತನ ಕಾಲದಲ್ಲಿ ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ವರ್ಷಗಟ್ಟಲೆ ಇಡುತ್ತಿದ್ದರು.

ಬೆಂಗಳೂರಲ್ಲಿ ತಾರಸಿ ಮೇಲೆ 20 ಗ್ರೋಬ್ಯಾಗ್ ಇಟ್ಟಿದ್ದೇನೆ. ನಾಲ್ಕು ಜನರ ಮನೆಗೆ ತರಕಾರಿ ಕೊಳ್ಳೋದನ್ನೇ ನಿಲ್ಲಿಸಬಹುದಾ?

ಆಗಲ್ಲ ಸ್ವಾಮಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಕೊಟ್ಟ ಮಾರ್ಗಸೂಚಿ ಪ್ರಕಾರ ದೊಡ್ಡವರಿಗೆ ದಿನಕ್ಕೆ 400 ಗ್ರಾಂ ತರಕಾರಿ ಬೇಕು, ಸೊಪ್ಪೂ ಅದರಲ್ಲೇ ಸೇರಿ. ನಾಲ್ಕು ಜನಕ್ಕೆ ತಿಂಗಳಿಗೆ 48 ಕಿಲೋ ಆಯಿತು. 20 ಚೀಲದಲ್ಲಿ ಅಷ್ಟು ಬರಲ್ಲ. ಹೂಕೋಸು, ಕ್ಯಾರೆಟ್ ಬಿಟ್ಟುಬಿಡಿ, ಮೂರು ತಿಂಗಳು ಕಾದು ಒಂದು ಹೂವು ಸಿಕ್ಕರೆ ನಗಬೇಕೋ ಅಳಬೇಕೋ ಗೊತ್ತಾಗಲ್ಲ. ಸೊಪ್ಪು ಹಾಕಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸುಗುಣ ದಂಟನ್ನು ಕತ್ತರಿಸಿದರೆ ಮತ್ತೆ ಮತ್ತೆ ಚಿಗುರುತ್ತೆ. ಒಂದು ಬಸಳೆ ಬಳ್ಳಿ ಕಂಬಿಗೆ ಹಬ್ಬಿಸಿ. ಚಕ್ರಮುನಿ ಕಡ್ಡಿ ಚುಚ್ಚಿದರೆ ವರ್ಷಗಟ್ಟಲೆ ಇರುತ್ತೆ. ದಿನ ಬಿಟ್ಟು ದಿನ ಒಂದು ಹಿಡಿ ಸೊಪ್ಪು ಸಾರಿಗೆ ಬಿದ್ದರೆ ಸಾಕು. ನಿಮ್ಮ ಮಗ ಸೊಪ್ಪು ಮುಟ್ಟಲ್ಲ ಅಂತಲೂ ಬರೆದಿದ್ದೀರಿ. ನೀರು ಹಾಕುವ ಕೆಲಸ ಅವನಿಗೇ ಕೊಟ್ಟು ನೋಡಿ.

ನಮ್ಮಲ್ಲಿ ಕುಡಿಯೋ ನೀರೇ ಎರಡು ದಿನಕ್ಕೊಮ್ಮೆ. ಕೈತೋಟ ಮಾಡ್ರಿ ಅಂತ ಹೇಳಿ ಹೋಗುತ್ತಾರೆ. ಎಲ್ಲಿಂದ ನೀರು ತರೋಣ?
(ಕೊಪ್ಪಳ ಜಿಲ್ಲೆ)

ಸಿಟ್ಟು ನ್ಯಾಯವಾದದ್ದೇ. ಹತ್ತು ಬಗೆಯ ಬೀಜದ ಕಿಟ್ ಕೊಟ್ಟು, ನೀರಿನ ಮಾತೇ ಎತ್ತದೆ ಹೋದರೆ ಮಾರ್ಚ್ ಹೊತ್ತಿಗೆ ಅಲ್ಲಿ ಉಳಿಯೋದು ಕೋಲು ಮಾತ್ರ. ತೋಟ ಅನ್ನೋದನ್ನು ಮರೆತುಬಿಡಿ, ಎರಡು ಮರ ಅಂತ ಯೋಚಿಸಿ. ಬಚ್ಚಲ ನೀರು ಹೋಗುವ ಕಡೆ ಒಂದು ನುಗ್ಗೆ, ಒಂದು ಪರಂಗಿ. ನೀರು ಮೊದಲು ಮರಳು, ಜಲ್ಲಿ ತುಂಬಿದ ಸಣ್ಣ ಗುಂಡಿಗೆ ಇಳಿದು ಆಮೇಲೆ ಬೇರಿಗೆ ಹೋಗಲಿ. ಆ ನೀರನ್ನು ಕೊತ್ತಂಬರಿ, ಮೂಲಂಗಿ, ಹಸಿಯಾಗಿ ತಿನ್ನುವ ಯಾವುದಕ್ಕೂ ಬಿಡಬೇಡಿ. ಬಟ್ಟೆ ಸೋಡಾ ಜಾಸ್ತಿ ಬಿದ್ದ ನೀರನ್ನು ಬೇರೆ ಕಡೆ ಹರಿಸಿ.

ನುಗ್ಗೆಯನ್ನು ಕಾಯಿಗೆ ಅಂತ ಬೆಳೆದರೆ ಮೇಲಕ್ಕೆ ಹೋಗುತ್ತೆ. ಸೊಪ್ಪಿಗೆ ಅಂತ ಆದರೆ ಎದೆಮಟ್ಟಕ್ಕೆ ಕತ್ತರಿಸುತ್ತಾ ಇರಿ, ಪೊದೆ ಕಟ್ಟುತ್ತೆ, ಮಕ್ಕಳ ಕೈಗೂ ಎಟುಕುತ್ತೆ. ನುಗ್ಗೆ ಸೊಪ್ಪಿನ ವಿಟಮಿನ್ ಎ ಮೈಗೆ ಹತ್ತಬೇಕಾದರೆ ಎಣ್ಣೆ ಬೇಕು, ಒಗ್ಗರಣೆಗೆ ಕಂಜೂಸು ಮಾಡಬೇಡಿ. ಮಳೆಗಾಲದಲ್ಲಿ ಪುಂಡಿ, ರಾಜಗಿರಿ, ಹಕ್ಕರಕಿ ನಿಮಗೆ ನಾನು ಹೇಳಿಕೊಡಬೇಕಾ? ನಿಮ್ಮ ಕಡೆ ಹಕ್ಕರಕಿಯನ್ನು ರೊಟ್ಟಿ ಜೊತೆ ಹಾಗೇ ಹಸಿಯಾಗಿ ತಿಂದದ್ದು ಇನ್ನೂ ನಾಲಿಗೆ ಮೇಲಿದೆ.

ತರಕಾರಿಗಿಂತ ನಾಲ್ಕು ಕೋಳಿ ಸಾಕಿದರೆ ಮಕ್ಕಳಿಗೆ ಜಾಸ್ತಿ ಲಾಭ ಅಂತಾರೆ, ಹೌದಾ ಅಕ್ಕ?
(ಮುಳಬಾಗಿಲು)

ಮೊಟ್ಟೆ ತಿನ್ನುವ ಮನೆಯಾದರೆ ಬಹಳಷ್ಟು ಹೌದು. ಬಾಂಗ್ಲಾದೇಶದಲ್ಲಿ ಹೆಲೆನ್ ಕೆಲ್ಲರ್ ಹೆಸರಿನ ಸಂಸ್ಥೆ 1990ರ ಸುಮಾರಿಗೆ ವಿಟಮಿನ್ ಎ ಕಮ್ಮಿಯಾಗಿ ಬರುವ ಇರುಳುಗಣ್ಣು ತಡೆಯಲು ಮನೆಮನೆಯಲ್ಲಿ ಸೊಪ್ಪು ತರಕಾರಿ ಬೆಳೆಸಿತು. ಸೊಪ್ಪಿನಿಂದ ಸಿಗುವ ವಿಟಮಿನ್ ಎ ಅಂದುಕೊಂಡಷ್ಟು ಮೈಗೆ ಹತ್ತಲ್ಲ ಅಂತ ಗೊತ್ತಾದ ಮೇಲೆ ಕೋಳಿಯನ್ನೂ ಸೇರಿಸಿದರು. ಮೊಟ್ಟೆಯಲ್ಲಿ ಸೊಪ್ಪಿನಲ್ಲಿ ಇಲ್ಲದ ಬಿ12 ಕೂಡ ಇದೆ.

ಆದರೆ ಕೋಳಿಯನ್ನು ರಾತ್ರಿ ಮನೆಯೊಳಗೆ ಮಂಕರಿ ಮುಚ್ಚಿ ಇಡುತ್ತೀರಾ? ಇಥಿಯೋಪಿಯಾದ ಹಳ್ಳಿಗಳ ಲೆಕ್ಕ ತೆಗೆದಾಗ ಕೋಳಿ ಇದ್ದ ಮನೆಯ ಮಕ್ಕಳು ಸ್ವಲ್ಪ ಎತ್ತರ ಇದ್ದರು, ಆದರೆ ಕೋಳಿಯನ್ನು ಮಲಗುವ ಮನೆಯೊಳಗೇ ಇಡುತ್ತಿದ್ದ ಕಡೆ ಆ ಲಾಭ ಉಲ್ಟಾ ಹೊಡೆದಿತ್ತು. ಅಂಬೆಗಾಲಿಡುವ ಮಗು ನೆಲದ ಹಿಕ್ಕೆ ಮುಟ್ಟಿ ಬಾಯಿಗೆ ಇಟ್ಟುಕೊಳ್ಳುತ್ತೆ, ಹೊಟ್ಟೆ ಕೆಡುತ್ತಲೇ ಇರುತ್ತೆ, ತಿಂದದ್ದು ಮೈಗೆ ಹತ್ತಲ್ಲ. ಹೊರಗೆ ಗೂಡು ಕಟ್ಟಿಸಿ, ನರಿ ನಾಯಿ ನುಗ್ಗದ ಹಾಗೆ. ಪಾಲಕ್ ಮಡಿಗೂ ಬೇಲಿ ಬೇಕು. ನನ್ನ ಮಡಿಯನ್ನು ಪಕ್ಕದ ಮನೆಯ ಗಿರಿರಾಜ ಹುಂಜ ಒಂದು ಬೆಳಿಗ್ಗೆ ಮುಗಿಸಿತ್ತು.

ನಾನು ಅಂಗನವಾಡಿ ಕಾರ್ಯಕರ್ತೆ. ಪೋಷಣ್ ವಾಟಿಕಾ (ಪೌಷ್ಟಿಕ ಕೈತೋಟ) ಅಂತ ಬೋರ್ಡು ಹಾಕಿ ಗಿಡ ನೆಡುತ್ತೇವೆ, ಫೋಟೊ ಕಳಿಸುತ್ತೇವೆ, ಬೇಸಿಗೆಗೆ ಒಣಗುತ್ತೆ. ಇದರಿಂದ ನಿಜವಾಗಿ ಏನಾದರೂ ಆಗುತ್ತಾ?

ಊರು ಬರೆಯದೆ ಇದ್ದದ್ದು ಒಳ್ಳೆಯದಾಯಿತು. ಅಷ್ಟು ಚಿಕ್ಕ ಜಾಗದಲ್ಲಿ 30 ಮಕ್ಕಳ ಸಾರಿಗೆ ಆಗುವಷ್ಟು ಬೆಳೆಯಲ್ಲ, ಅದು ನಿಮಗೂ ಗೊತ್ತು. ಅದನ್ನು ನರ್ಸರಿ ಮಾಡಿಕೊಳ್ಳಿ. ನುಗ್ಗೆ ಕಡ್ಡಿ, ಪರಂಗಿ ಸಸಿ, ಬಸಳೆ ತುಂಡು ಬೆಳೆಸಿ ಬಸುರಿ ಬಾಣಂತಿಯರ ಮನೆಗೆ ಕೊಡಿ. ನೀರು ಹಾಕುವವರು ಅವರ ಮನೆಯಲ್ಲೇ ಇರುತ್ತಾರೆ.

ಆಮೇಲೆ ಗಿಡ ಎಣಿಸೋದು ಬಿಟ್ಟು ಒಂದು ಪ್ರಶ್ನೆ ಕೇಳಿ: "ನಿನ್ನೆ ಬೆಳಿಗ್ಗೆ ಎದ್ದಾಗಿಂದ ಮಲಗೋ ತನಕ ಏನೇನು ತಿಂದ್ರಿ?" ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯವರೂ ಹೀಗೇ ಅಳೆಯುತ್ತಾರೆ. ಆಹಾರವನ್ನು ಹತ್ತು ಗುಂಪು ಮಾಡಿದ್ದಾರೆ, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು, ಕಡಲೆಬೀಜದಂಥವು, ಹಾಲು ಮೊಸರು, ಮಾಂಸ ಮೀನು, ಮೊಟ್ಟೆ, ಹಸಿರು ಸೊಪ್ಪು, ಹೀಗೆ. ಹೆಂಗಸೊಬ್ಬಳ ಹಿಂದಿನ ದಿನದ ಊಟದಲ್ಲಿ ಹತ್ತರಲ್ಲಿ ಐದು ಗುಂಪಾದರೂ ಇರಬೇಕು. ಅನ್ನ, ತಿಳಿಸಾರು, ಟೀ ಅಂದರೆ ಎರಡು ಮೂರಕ್ಕೇ ನಿಂತಿತು ಅಂತ. ತಿಂಗಳಿಗೊಮ್ಮೆ ಇಪ್ಪತ್ತು ಮನೆಯಲ್ಲಿ ಕೇಳಿ ಪುಸ್ತಕದಲ್ಲಿ ಬರೆದಿಡಿ. ಮೇಲಿನವರು ಕೇಳದಿದ್ದರೂ ನಿಮಗೆ ಗೊತ್ತಿರುತ್ತೆ. ಒಂದು ಎಚ್ಚರಿಕೆ, ಅತ್ತೆ ಎದುರಿಗೆ ಕೇಳಬೇಡಿ. ಅತ್ತೆ ಇದ್ದರೆ ಎಲ್ಲರೂ ಹಾಲು, ಮೊಟ್ಟೆ, ಹಣ್ಣು ತಿಂದಿರುತ್ತಾರೆ.

ಮಂಗಗಳು ಏನನ್ನೂ ಬಿಡುತ್ತಿಲ್ಲ. ಏನು ಬೆಳೆಯೋಣ?
(ಶಿರಸಿ)

ಕೆಸು, ಸುವರ್ಣಗಡ್ಡೆ, ಶುಂಠಿ, ಅರಿಶಿನ, ಸೂಜಿಮೆಣಸು. ಕೆಸುವಿನ ಎಲೆ ತುರಿಸುತ್ತೆ ಅಂತ ಅವಕ್ಕೂ ಗೊತ್ತು, ನಾವಾದರೆ ಹುಣಸೆಹುಳಿ ಹಾಕಿ ಪತ್ರೊಡೆ ಮಾಡಿಕೊಂಡು ತಿನ್ನುತ್ತೇವೆ. ಹಾಗಲಕಾಯಿಯನ್ನು ಮಂಗ ಮುಟ್ಟಲ್ಲ ಅಂತ ಈ ಅಂಕಣದಲ್ಲೇ ಒಮ್ಮೆ ಧೈರ್ಯವಾಗಿ ಬರೆದಿದ್ದೆ. ಹೋದ ವಾರ ನಮ್ಮ ಚಪ್ಪರದ ಹಾಗಲಕಾಯಿಯೂ ಹೋಯಿತು. ತಿಂದಿಲ್ಲ, ಒಂದೊಂದೇ ಕಿತ್ತು ಕಚ್ಚಿ ನೋಡಿ ಅಂಗಳಕ್ಕೆ ಎಸೆದು ಹೋಗಿದ್ದವು.